ಇಸ್ತ್ರಿ ಸಾವಂತ್ರವ್ವನ ಗುಲ್‌ಮೊಹರ್

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹೇಳಲಿಲ್ಲ ಅನ್ನಬೇಡಿ. ಅದು ಮೂಗಿನ ತುದಿಯಲ್ಲೇ ಇರುತ್ತದೆ. ದಿನವಿಡೀ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಲ್ಲುವವಳಿಗೆ ಶಾಂತಿ ಎಲ್ಲಿಂದ ಬರಬೇಕು? ಊರಿನವರು ಎದುರಿಗೆ ಸಾವಂತ್ರವ್ವ ಅನ್ನುತ್ತಾರೆ, ಬೆನ್ನ ಹಿಂದೆ ಇಸ್ತ್ರಿ ಸಾವಂತ್ರವ್ವ ಅನ್ನುತ್ತಾರೆ, ಇನ್ನೂ ಸ್ವಲ್ಪ ದೂರ ಹೋದ ಮೇಲೆ ಬೆಂಕಿ ಅನ್ನುತ್ತಾರೆ. ನನಗೆ ಮೂರೂ ಕೇಳಿಸುತ್ತವೆ.

ನಮ್ಮೂರು ಒಂದೇ ಬಂಡೆ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆಯೇ ಹೊರತು ಮಣ್ಣು ಬರುವುದಿಲ್ಲ. ಹಾಗಾಗಿ ನಮ್ಮ ಮರಗಳೆಲ್ಲ ಕುಂಡಗಳಲ್ಲಿ, ಕಿಟಕಿಗಳಲ್ಲಿ, ಗೇಣುದ್ದ ಮೊಳದುದ್ದ ಬೆಳೆದು ನಿಂತಿವೆ. ನೆರಳು ಮಾತ್ರ ಪೂರ್ತಿ ಮರದ್ದೇ ಬೀಳುತ್ತದೆ. ತಿಪ್ಪವ್ವನ ಮನೆಯ ಬೇವು ಒಂದು ಚೆಂಬಿನಷ್ಟು ಎತ್ತರ. ಅದರ ನೆರಳಿನಲ್ಲಿ ಚಪ್ಪಲಿ ಹೊಲಿಯುವವನೊಬ್ಬ, ಇಬ್ಬರು ದರ್ಜಿಗಳು, ಒಂದು ಹೂವಿನ ಅಂಗಡಿ, ಮೂರು ನಾಯಿ. ಬೆಳೆದ ಮರವನ್ನು ಪರಊರಿನಿಂದ ಕೊಂಡು ತಂದರೆ ಹಾಗಾಗುವುದಿಲ್ಲ, ಅದರ ನೆರಳೂ ಗೇಣುದ್ದವೇ, ಇರುವೆಗಳಿಗೆ ಸಾಕು. ನೀವೇ ಬೀಜ ಹಾಕಿ, ನೀವೇ ನೀರು ಹನಿಸಿ, ಮೊದಲ ನಿಜವಾದ ಎಲೆ ಬಿಚ್ಚಿತೋ, ಆ ದಿನ ನೆರಳು ಇಳಿಯುತ್ತದೆ. ಬೇಸಿಗೆಗೆ ತಾಡಪತ್ರಿ ಕಟ್ಟಿಕೊಳ್ಳಬಾರದೇ ಅಂತ ಪರಊರಿನವರು ಕೇಳುತ್ತಾರೆ. ಕಟ್ಟಿ ನೋಡಲಿ. ಬಂಡೆಯ ಊರಿನಲ್ಲಿ ಬಿಸಿಲು ಕೆಳಗಿನಿಂದಲೂ ಬರುತ್ತದೆ, ಬಂಡೆ ತಣ್ಣಗಾಗುವುದು ಮರದ ನೆರಳಿಗೆ ಮಾತ್ರ.

ಈ ನೆರಳಿಗೆ ಮರ್ಯಾದೆ ಬೇಕು. ಬೇರೆಯವರ ಮರದ ಕೆಳಗೆ ಕೂರುವವರು ಪ್ರತಿದಿನ ಸಂಜೆ ಏಳುವ ಮುಂಚೆ ಮರದವರನ್ನು “ನಾಳೆ ಬರ್ಲೇನ್ರಿ?” ಅಂತ ಕೇಳಬೇಕು. ಮರದವರು “ಬರ್ರಿ” ಅನ್ನಬೇಕು. ಇಷ್ಟೇ. ಕೇಳದೆ ಬಂದವರ ಮೈಮೇಲಿಂದ ನೆರಳು ಹಿಂದೆ ಸರಿಯುತ್ತದೆ, ಅವರ ಸುತ್ತ ಒಂದು ಚಾಪೆಯಷ್ಟು ಬಿಸಿಲು ಬೀಳುತ್ತದೆ. ಒಮ್ಮೆ ಪರಊರಿನ ಸಾಹೇಬರೊಬ್ಬರು ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಚಾಪೆಯಷ್ಟು ಬಿಸಿಲು ಅವರ ತಲೆಯ ಮೇಲೆಯೇ ಬಿತ್ತು. ಕುರ್ಚಿ ಆ ಕಡೆ ಎಳೆದರು, ಬಿಸಿಲೂ ಬಂತು. ಈ ಕಡೆ ಎಳೆದರು, ಬಂತು. ಕೊನೆಗೆ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬಸ್ಸಿಗೆ ಹೋದರು. ನಾಯಿಗಳು ಹೇಗೆ ಕೇಳುತ್ತವೋ ಗೊತ್ತಿಲ್ಲ, ಅವುಗಳ ಮೇಲೆ ಬಿಸಿಲು ಬಿದ್ದದ್ದನ್ನು ನಾನು ಕಂಡಿಲ್ಲ.

ನಾನು ಹತ್ತೊಂಬತ್ತು ವರ್ಷ ಅಡಿವೆಪ್ಪ ಮಾಸ್ತರ ಹುಣಸೆಯ ಕೆಳಗೆ ಇಸ್ತ್ರಿ ಹಾಕಿದವಳು. ಮಾಸ್ತರು ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು, ಈಗ ನಿವೃತ್ತರು. ಮದುವೆ ಆಗಲಿಲ್ಲ; ಯಾಕೆ ಅಂತ ಊರು ಮೂವತ್ತು ವರ್ಷ ಮಾತಾಡಿ ಸುಸ್ತಾಗಿ ಬಿಟ್ಟುಬಿಟ್ಟಿತು. ಚೌಕದ ಮೂಲೆಯಲ್ಲಿ ಮೆಟ್ಟಿಲು ಹತ್ತಿ ಹೋಗುವಂಥ ಮನೆ, ಕಿಟಕಿಯಲ್ಲಿ ಹುಣಸೆ, ಕೆಳಗೆ ನನ್ನ ಬಂಡಿ, ಬಂಡಿಯ ಪಕ್ಕ ಬಳೆ ಹಲೀಮಾಬಿ. ಹಲೀಮಾಬಿ ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿಯಲ್ಲಿ ಮಾತ್ರ ನನಗೆ ಸರಿಸಮ. ನನ್ನ ಗಂಡ ತೀರಿಕೊಂಡ ಮೂರನೆಯ ವರ್ಷ ಬಂಡಿ ಅಲ್ಲಿ ನಿಲ್ಲಿಸಿ ಮೊದಲ ಸಲ “ಬರ್ಲೇನ್ರಿ?” ಅಂದಿದ್ದೆ. ಅವತ್ತಿನಿಂದ ಆ ಮನುಷ್ಯ ನನ್ನೊಂದಿಗೆ ಆಡಿದ ಮಾತು ಹೆಚ್ಚುಕಡಿಮೆ ಅದೊಂದೇ. ಬರ್ರಿ. ಜ್ವರ ಬಂದು ಮಲಗಿದಾಗಲೂ ಕಿಟಕಿಯಿಂದ ಕೈ ಮಾತ್ರ ಹೊರಗೆ ಹಾಕಿ ಬರ್ರಿ ಅಂದಿದ್ದರು.

ಜಗಳ ಆದದ್ದು ಕೋಟಿನಿಂದ. ಮಾಸ್ತರಿಗೆ ಇದ್ದದ್ದು ಒಂದೇ ಕೋಟು, ಕಡು ನೀಲಿ. ವರ್ಷಕ್ಕೊಮ್ಮೆ ಶಾಲೆಯ ಗ್ಯಾದರಿಂಗಿಗೆ ಅದು ಟ್ರಂಕಿನಿಂದ ಹೊರಗೆ ಬರುತ್ತಿತ್ತು, ನಾನು ಇಸ್ತ್ರಿ ಮಾಡುತ್ತಿದ್ದೆ, ಹಾಕಿಕೊಂಡು ಹೋಗಿ ಬಂದು ಮತ್ತೆ ಟ್ರಂಕಿಗೆ. ಈ ಸಲ ಕೋಟಿನ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟವಳು, ಕೊಡ ತುಂಬಿಸುವ ಪಾಳಿ ಯಾರದು ಅಂತ ಹಲೀಮಾಬಿಯ ಜೊತೆ ಜಗಳಕ್ಕೆ ಬಿದ್ದೆ. ಪಾಳಿ ಅವಳದೇ ಅಂತ ಸಾಬೀತು ಮಾಡಿ ತಿರುಗಿದರೆ ಹೊಗೆ. ಕೋಟಿನ ಬೆನ್ನ ಮೇಲೆ ಪೆಟ್ಟಿಗೆಯ ಗುರುತು ದೋಣಿಯ ಹಾಗೆ ಮೂಡಿತ್ತು.

ಬೈಸಿಕೊಳ್ಳಲು ಸಿದ್ಧಳಾಗಿ ಸೆರಗು ಬಿಗಿದು ನಿಂತೆ. ಮಾಸ್ತರು ಕೋಟನ್ನು ಎರಡು ಸಲ ತಿರುಗಿಸಿ ನೋಡಿದರು. “ಇರಲಿ ಬಿಡ್ರಿ” ಅಂದರು. ಅಂದು, ಅದನ್ನೇ ಹಾಕಿಕೊಂಡು ಗ್ಯಾದರಿಂಗಿಗೆ ಹೋದರು. ವೇದಿಕೆಯ ಮೇಲೆ ಮಾತಾಡಿ, ತಿರುಗಿ ಕುರ್ಚಿಯ ಕಡೆ ನಡೆದಾಗ ಇಡೀ ಶಾಲೆ ನಕ್ಕಿತಂತೆ. ಬೆನ್ನ ಮೇಲೆ ಸಾವಂತ್ರವ್ವನ ಸಹಿ ಐತಿ ಅಂತ ಯಾರೋ ಕೂಗಿದರಂತೆ. ಮರುದಿನ ಹಾಲು ಹಾಕುವವಳು ಕೂಡ ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ತಲೆ ಕೆಟ್ಟುಹೋಯಿತು.

“ಯಾಕ ಹಾಕ್ಕೊಂಡ್ರಿ ಅದನ್ನ?” ಅಂತ ಚೌಕದಲ್ಲಿ ನಿಂತು ಕಿಟಕಿಗೆ ಕೂಗಿದೆ.

“ಬ್ಯಾರೆ ಕೋಟಿಲ್ಲರಿ” ಅಂದರು.

“ಊರಾಗ ನನ್ನ ಮಾನ ಕಳದ್ರಿ. ಬೈದಿದ್ರ ಸೈ ಅಂತಿದ್ದೆ. ಬೈಲಿಲ್ಲ, ಹಾಕ್ಕೊಂಡು ಮೆರದ್ರಿ. ಇನ್ನ ಮ್ಯಾಲೆ ನಿಮ್ಮನ್ನ ಕೇಳಿದ್ರ ನಾನು ಸಾವಂತ್ರವ್ವನ ಅಲ್ಲ.”

“ಹಂಗನಬ್ಯಾಡ್ರಿ” ಅಂದರು ಮಾಸ್ತರು. ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ತಡೆಯಲು ಅವರ ಬಾಯಿಂದ ಬಂದ ಮೊದಲ ಮಾತು ಅದು. ಸಿಟ್ಟಿನ ಭರದಲ್ಲಿ ನಾನು ಅದನ್ನು ಗಮನಿಸಲೂ ಇಲ್ಲ.

ಮರುದಿನ ಬಂಡಿ ತಂದು ನಿಲ್ಲಿಸಿದೆ. ಹುಣಸೆಯ ನೆರಳು ನನ್ನಿಂದ ಹಿಂದೆ ಸರಿಯಿತು. ಹಲೀಮಾಬಿ ನೆರಳಲ್ಲಿ, ಅವಳ ಬಳೆಗಂಟು ನೆರಳಲ್ಲಿ, ನಾನೂ ನನ್ನ ಬಂಡಿಯೂ ಚಾಪೆಯಷ್ಟು ಬಿಸಿಲಲ್ಲಿ. ಬೇಸಿಗೆ ಇನ್ನೂ ದೂರವಿತ್ತು, ಹಾಗಾಗಿ ಮಧ್ಯಾಹ್ನದ ತನಕ ಹೇಗೋ ನಿಂತೆ. ಆದರೆ ಯುಗಾದಿಯ ಹೊತ್ತಿಗೆ ನಮ್ಮ ಬಂಡೆಯ ಮೇಲೆ ಬರಿಗಾಲಿಡಲು ಆಗುವುದಿಲ್ಲ, ಇನ್ನು ಕೆಂಡದ ಪೆಟ್ಟಿಗೆ ಹಿಡಿದು ನಿಲ್ಲುವುದು ಎಲ್ಲಿಂದ ಬಂತು? ತಿಪ್ಪವ್ವನ ಬೇವಿನ ಕೆಳಗೆ ಸೂಜಿ ಊರಲು ಜಾಗವಿಲ್ಲ. ಯುಗಾದಿಯೊಳಗೆ ನನ್ನದೇ ನೆರಳು ಆಗದಿದ್ದರೆ ಬಂಡಿ ಮುಚ್ಚಿ ನಮ್ಮಣ್ಣನ ಊರಿಗೆ ಹೋಗಿ, ಅತ್ತಿಗೆಯ ಕೈಕೆಳಗೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂರಬೇಕು. ಅತ್ತಿಗೆಯ ಮುಖ ನೆನಪಾದದ್ದೇ ತಡ, ಮರ ಬೆಳೆಸುವುದೇ ಸರಿ ಅಂತ ತೀರ್ಮಾನಿಸಿದೆ.

ಅಲ್ಲಿಯ ತನಕ ನಾನು ಒಂದು ಕೊತ್ತಂಬರಿಯನ್ನೂ ಬೆಳೆಸಿದವಳಲ್ಲ. ಬೀಜಕ್ಕೆ ಊರಲ್ಲಿ ಯಾರನ್ನಾದರೂ ಕೇಳಬಹುದಿತ್ತು, ಆದರೆ ಕೇಳುವ ಮಾತೇ ಬೇಡ ಅಂತ ಚೌಕದಲ್ಲಿ ಕೂಗಿದವಳು ನಾನಲ್ಲವೇ. ಹಲೀಮಾಬಿಯ ಸೊಸೆಯ ಮೊಬೈಲಿನಲ್ಲಿ ಒಂದು ಬಾನ್ಸಾಯ್ ಕಿಟ್ ಸಿಕ್ಕಿತು. ಕುಂಡದಲ್ಲಿ ಪುಟ್ಟ ಮರ ಬೆಳೆಸುವವರಿಗೆ, ಅದೂ ಹೊಸಬರಿಗೆ ಅಂತಲೇ ಮಾಡಿದ್ದು. ಎಂಟನೆಯ ದಿನ ಬಸ್ಸಿನಲ್ಲಿ ಪೆಟ್ಟಿಗೆ ಬಂತು.

ಇಡೀ ಚೌಕ ಪೆಟ್ಟಿಗೆ ಬಿಚ್ಚುವುದನ್ನು ನೋಡಲು ಸೇರಿತು. ಒಳಗೆ ನಾಲ್ಕು ಚಿಕ್ಕ ಕುಂಡ, ನಾಲ್ಕು ಬೀಜದ ಪೊಟ್ಟಣ, ನಾಲ್ಕು ಕಂದು ಬಿಲ್ಲೆ, ಒಂದು ಪುಟ್ಟ ಕತ್ತರಿ, ಹೆಸರು ಬರೆಯಲು ಐಸ್ ಕ್ಯಾಂಡಿ ಕಡ್ಡಿಯಂಥ ಕಡ್ಡಿಗಳು, ಒಂದು ತೆಳ್ಳನೆಯ ಪುಸ್ತಕ. ಹಲೀಮಾಬಿ ಒಂದು ಬಿಲ್ಲೆ ಎತ್ತಿ ಮೂಸಿ, ತುದಿಯನ್ನು ಕಚ್ಚಿದಳು.

“ಮಿಠಾಯಿ ಅಲ್ಲ ಇದು, ಥೂ” ಅಂತ ಉಗಿದಳು.

“ತೆಂಗಿನ ನಾರಿನ ಮಣ್ಣಂತ. ನೀರು ಹಾಕಿದ್ರ ಉಬ್ಬತೈತಿ ಅಂತ ಬರದಾರ” ಅಂದೆ.

“ಎಷ್ಟ ಉಬ್ಬತೈತಿ?”

ಅದನ್ನು ನಾನು ಓದಿರಲಿಲ್ಲ. ನಾಲ್ಕೂ ಬಿಲ್ಲೆಗಳನ್ನು ಒಂದೇ ಬೋಗುಣಿಗೆ ಹಾಕಿ ಬಿಸಿ ನೀರು ಸುರಿದೆ. ಉಬ್ಬಿದವು, ಉಬ್ಬಿದವು, ಬೋಗುಣಿ ತುಂಬಿ ಬಂಡಿಯ ಮೇಲೆ ಬಂದವು, ಇಸ್ತ್ರಿ ಮಾಡಿ ಮಡಿಚಿಟ್ಟ ಯಾರದೋ ಬಿಳಿ ಪಂಚೆಯ ಮೇಲೆ ಹತ್ತಿದವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಏನು ಮಾಡಲಿ, ತಡೆಯಲಾಗಲಿಲ್ಲ. ಮೇಲೆ ಕಿಟಕಿಯಲ್ಲಿ ಮಾಸ್ತರು ನಿಂತಿದ್ದರು. ನಾನು ಕತ್ತು ಎತ್ತಿದ್ದೇ ತಡ, ಹುಣಸೆಯ ಎಲೆ ಒರೆಸುವವರ ಹಾಗೆ ಬಗ್ಗಿದರು.

ಮೊದಲನೆಯ ಪೊಟ್ಟಣ ಪೈನ್ ಅಂತ ಒಂದು ಮರದ್ದು. ಇದರ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ತಿಂಗಳು ಫ್ರಿಜ್ಜಿನಲ್ಲಿಡಬೇಕು, ಚಳಿಗಾಲ ಬಂತು ಅಂತ ಬೀಜ ನಂಬಬೇಕು ಅಂತ ಪುಸ್ತಕದಲ್ಲಿತ್ತು. ಬೀಜಕ್ಕೆ ಸುಳ್ಳು ಹೇಳುವ ಈ ಉಪಾಯ ನನಗೆ ಬಹಳ ಹಿಡಿಸಿತು. ಫ್ರಿಜ್ ಇದ್ದದ್ದು ಹಲೀಮಾಬಿಯ ಮನೆಯಲ್ಲಿ. ಹದಿನೈದನೆಯ ದಿನ ಅವಳು ಬಂದು ಬಳೆಗಂಟು ಇಳಿಸಿದವಳು ಬಿಚ್ಚಲೇ ಇಲ್ಲ.

“ಏನಾತು?” ಅಂದೆ.

“ಸಿಟ್ಟಾಗಬ್ಯಾಡ, ಸಾವಂತ್ರಿ. ನಮ್ಮ ಸೊಸಿ ಮಸಾಲಿ ಅನ್ಕೊಂಡಾಳ. ಕುಟ್ಟಿ ಬದನಿಕಾಯಿ ಪಲ್ಯಕ್ಕ ಹಾಕ್ಯಾಳ.”

“ಎಲ್ಲಾನೂ?”

“ಎಲ್ಲಾನೂ. ರುಚಿ ಆಗಿತ್ತು ಮತ್ತ. ಈಗ ನಮ್ಮ ಮನ್ಯಾಗ ಎಲ್ಲಾರ ಹೊಟ್ಟ್ಯಾಗೂ ಕಾಡು ಐತಿ.”

ಬೈಯಲು ಬಾಯಿ ತೆರೆದೆ, ನಗು ಬಂತು. ಎರಡನೆಯ ಪೊಟ್ಟಣ ಅತ್ತಿಯದು, ಸಾಸಿವೆಗಿಂತ ಸಣ್ಣ ಬೀಜ. ಬಂಡಿಯ ಮೇಲೆ ಕುಂಡದಲ್ಲಿ ಬಿತ್ತಿದ ಮೂರನೆಯ ದಿನ ಒಂದು ಸೀನು ಬಂತು, ಬೀಜಗಳು ಯಾವ ದಿಕ್ಕಿಗೆ ಹೋದವೋ ಗೊತ್ತಾಗಲಿಲ್ಲ. ಮೂರನೆಯದು ಜಕರಂದಾ. ಮೊಳೆಯಿತೋ ಇಲ್ಲವೋ ಅಂತ ದಿನಾ ಬೆರಳಿನಿಂದ ಕೆದಕಿ ನೋಡುತ್ತಿದ್ದೆ, ನೋಡಿ ಮತ್ತೆ ಮುಚ್ಚುತ್ತಿದ್ದೆ. ಮಲಗಿದವರನ್ನು ದಿನಾ ಎಬ್ಬಿಸಿ ನಿದ್ದೆ ಬಂತೇ ಅಂತ ಕೇಳಿದ ಹಾಗೆ. ಅದು ಬೂಷ್ಟು ಹಿಡಿದು ಹೋಯಿತು. ಆ ಹೊತ್ತಿಗೆ ಮಾಘ ಮುಗಿಯುತ್ತ ಬಂದಿತ್ತು, ಬಂಡೆ ಕಾಯತೊಡಗಿತ್ತು. ಹತ್ತು ಗಂಟೆಗೆಲ್ಲ ನನ್ನ ಕುಪ್ಪಸ ಬೆವರಿನಿಂದ ತೊಯ್ದು ಅಂಟಿಕೊಳ್ಳುತ್ತಿತ್ತು. ಒಂದು ದಿನ ತಲೆ ಸುತ್ತಿ ಬಂಡಿ ಹಿಡಿದು ಕೂತುಬಿಟ್ಟೆ. ಹಲೀಮಾಬಿ ಮುಖಕ್ಕೆ ನೀರು ಚಿಮುಕಿಸಿ ಹೇಳಿದಳು: “ಒಂದ ಮಾತು ಕೇಳಿದ್ರ ಏನ ಗಂಟ ಹೋಗತೈತಿ ನಿಂದು? ಮ್ಯಾಲೆ ನೋಡಿ ಬರ್ಲೇನ್ರಿ ಅನ್ನು, ಮುಗೀತು.”

“ಸತ್ರೂ ಅನ್ನೂದಿಲ್ಲ” ಅಂದೆ. ಮನಸ್ಸಿನಲ್ಲಿ ಅಷ್ಟು ಗಟ್ಟಿ ಇರಲಿಲ್ಲ. ಸಂಜೆ ಬಂಡಿ ಕಟ್ಟುವಾಗ ಹತ್ತೊಂಬತ್ತು ವರ್ಷದ ರೂಢಿಗೆ ಕತ್ತು ತಾನೇ ಮೇಲೆ ಹೋಗುತ್ತಿತ್ತು, ಅರ್ಧಕ್ಕೆ ಹಿಡಿದು ಕೆಳಗಿಳಿಸಬೇಕಾಗುತ್ತಿತ್ತು. ಕೇಳಲು ಯಾರೂ ಇಲ್ಲದೆ ದಿನ ಮುಗಿಯುವುದು ಇಷ್ಟು ಕೆಟ್ಟದಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಉಳಿದದ್ದು ನಾಲ್ಕನೆಯ ಪೊಟ್ಟಣ, ಗುಲ್‌ಮೊಹರ್. ಅದರಲ್ಲಿ ಎರಡೇ ಬೀಜ, ಕಲ್ಲಿನಂಥವು. ಒಂದನ್ನು ಚಿವುಟಿ ನೋಡಲು ಹೋಗಿ ಕತ್ತರಿ ಜಾರಿ ಚರಂಡಿಗೆ ಬಿತ್ತು, ಬೀಜವೂ ಹಿಂದೆಯೇ ಹೋಯಿತು. ಉಳಿದದ್ದು ಒಂದು. ಸಿಪ್ಪೆ ಗಟ್ಟಿ, ಉಜ್ಜಿ ತೆಳ್ಳಗೆ ಮಾಡಿ ಬಿಸಿನೀರಿನಲ್ಲಿ ನೆನೆಸಿ, ಬೆಚ್ಚಗೆ ಇಡಿ ಅಂತ ಪುಸ್ತಕದಲ್ಲಿತ್ತು. ಓದಿ ನನಗೆ ಕುಣಿಯುವಂತಾಯಿತು. ಒದ್ದೆ ಬಟ್ಟೆ, ಹದವಾದ ಬಿಸಿ, ಇದು ನನ್ನ ವಿದ್ಯೆ. ಯಾವ ಬಟ್ಟೆಗೆ ಎಷ್ಟು ಕಾವು ಅಂತ ನನ್ನ ಅಂಗೈಗೆ ಗೊತ್ತು, ಆ ಕೋಟಿನ ಮಾತು ಬಿಡಿ. ಬೀಜವನ್ನು ಬಂಡೆಗೆ ಉಜ್ಜಿ, ಒದ್ದೆ ಮಲ್ಲು ಬಟ್ಟೆಯಲ್ಲಿ ಸುತ್ತಿ, ಇಸ್ತ್ರಿ ಪೆಟ್ಟಿಗೆ ಇಡುವ ಕಲ್ಲಿನ ಪಕ್ಕ ಇಟ್ಟೆ. ಎರಡನೆಯ ದಿನ ಬೀಜ ಉಬ್ಬಿತು. ನಾಲ್ಕನೆಯ ದಿನ ಸಿಪ್ಪೆ ಬಿರಿದು ಬಿಳಿ ಮೂತಿ ಹೊರಗೆ ಬಂತು. ಕುಂಡದಲ್ಲಿಟ್ಟು ಬಂಡಿಯ ಮೂಲೆಗೆ ಕಟ್ಟಿದೆ.

ಕುಂಡದ ತಳದಲ್ಲಿ ಒಂದು ತೂತಿತ್ತು. ನೀರು ಹಾಕಿದರೆ ಅಲ್ಲಿಂದ ಸೋರಿ ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಕಂದು ಹನಿ ಬೀಳುತ್ತಿತ್ತು. ತಯಾರಿಸಿದವರು ತೂತಿನ ಕುಂಡ ಕಳಿಸಿ ಮೋಸ ಮಾಡಿದ್ದಾರೆ ಅಂತ ಬೈದುಕೊಂಡು ಚಿಂದಿ ತುರುಕಿ ಮುಚ್ಚಿದೆ. ಬಿಸಿಲು ಜೋರು ಅಂತ ದಿನಕ್ಕೆ ಮೂರು ಸಲ ನೀರು ಹಾಕುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬರುವಷ್ಟರಲ್ಲಿ ಮಣ್ಣು ಹದವಾಗಿರುತ್ತಿತ್ತು, ಕೆಸರೂ ಅಲ್ಲ ಒಣಗಿದ್ದೂ ಅಲ್ಲ. ನೋಡಿ, ಕೈಗುಣ ಅಂದರೆ ಇದು ಅಂತ ಹಲೀಮಾಬಿಯ ಮುಂದೆ ಕೊಚ್ಚಿಕೊಂಡೆ. ಅವಳು ಬಳೆ ಒರೆಸುತ್ತ “ಹೌದು, ಯಾರದೋ ಕೈಗುಣ” ಅಂದಳು. ನಾನು ಅದರ ಅರ್ಥ ಹುಡುಕಲು ಹೋಗಲಿಲ್ಲ.

ಮೊಳಕೆ ಬಂತು. ಮೊದಲು ದಪ್ಪನೆಯ ಜೋಡಿ ಎಲೆ, ಅವು ಬೀಜದ ಎಲೆ, ಲೆಕ್ಕಕ್ಕಿಲ್ಲ. ಯುಗಾದಿಗೆ ನಾಲ್ಕು ದಿನ ಇರುವಾಗ ಮುಂಜಾನೆ ಬಂಡಿ ತಳ್ಳಿಕೊಂಡು ಚೌಕಕ್ಕೆ ಬಂದರೆ ಜೋಡಿ ಎಲೆಯ ನಡುವೆ ಹಸಿರು ನವಿಲುಗರಿಯಷ್ಟು ನವಿರಾದ ಎಲೆ ಬಿಚ್ಚುತ್ತಿತ್ತು. ಸೂರ್ಯ ತಿಪ್ಪವ್ವನ ಮಾಳಿಗೆ ದಾಟಿದ್ದೇ ತಡ, ನೆರಳು ಇಳಿಯಿತು. ಏನಂತ ಹೇಳಲಿ? ಎರಡು ಬೆರಳಿನಷ್ಟು ಗಿಡ, ಚೌಕದ ಅರ್ಧಕ್ಕೆ ನೆರಳು. ಕೊಂಬೆಗಳೆಲ್ಲ ಅಡ್ಡಡ್ಡ ಚಾಚಿ, ಅಂಗಡಿಗಳ ಮೇಲೆ ಹತ್ತಿ, ಬಾವಿಕಟ್ಟೆ ದಾಟಿ ಹಬ್ಬಿದವು. ಅದು ಹೂ ಬಿಟ್ಟ ಮರದ ನೆರಳು, ಅಂಚೆಲ್ಲ ನಸುಗೆಂಪಗಿತ್ತು. ಅಂಥ ನೆರಳನ್ನು ನಮ್ಮೂರು ಕಂಡೇ ಇರಲಿಲ್ಲ. ದರ್ಜಿಗಳು ಹೊಲಿಗೆ ಬಿಟ್ಟು ನೆರಳಿನ ಅಂಚಿನ ತನಕ ಓಡಿಬಂದರು, ತಿಪ್ಪವ್ವ ಕೈಯಲ್ಲಿ ಹಿಟ್ಟು ಹತ್ತಿಸಿಕೊಂಡೇ ಬಂದಳು, ನಾಯಿಗಳು ಬಂದು ಮಲಗಿಯೇಬಿಟ್ಟವು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕುಂಡವನ್ನು ಬಾವಿಕಟ್ಟೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂಡಿಯನ್ನು ತಳ್ಳಿಕೊಂಡು ನನ್ನ ಸ್ವಂತ ನೆರಳಿನೊಳಗೆ ಹೋದೆ.

ನೆರಳು ಹಿಂದೆ ಸರಿಯಿತು. ಚಾಪೆಯಷ್ಟು ಬಿಸಿಲು ನನ್ನ ತಲೆಯ ಮೇಲೆ ಬಿತ್ತು.

ಬಂಡಿ ಎಡಕ್ಕೆ ತಿರುಗಿಸಿದೆ, ಬಿಸಿಲೂ ತಿರುಗಿತು. ಓಡಿದೆ, ಬಿಸಿಲೂ ಓಡಿತು. ಇಸ್ತ್ರಿ ಪೆಟ್ಟಿಗೆ ಗಡಗಡ ಅಂತ, ಇದ್ದಿಲು ಉದುರುತ್ತ, ಬಾವಿಕಟ್ಟೆಯನ್ನು ಮೂರು ಸುತ್ತು ಹಾಕಿದೆ. ನಗಬಾರದು ಅಂತ ಜನ ಬಹಳ ಪ್ರಯತ್ನ ಮಾಡಿದರು, ಆಗಲಿಲ್ಲ. ಕೊನೆಗೆ ಏದುಸಿರು ಬಿಡುತ್ತ ನಿಂತೆ, ನನ್ನದೇ ಗಿಡ ನನ್ನನ್ನೇ ಒಳಗೆ ಬಿಡದೆ ಆಟ ಆಡಿಸುತ್ತಿದೆಯಲ್ಲ ಅಂತ ಅಳುವುದೊಂದು ಬಾಕಿ.

“ಬ್ಯಾರೆ ಕೈ ಸೇರೈತಿ” ಅಂದಳು ತಿಪ್ಪವ್ವ. “ನೀನೊಬ್ಬಾಕಿನ ಬೆಳಸಿಲ್ಲ ಇದನ್ನ.”

ನಾನು ಹಲೀಮಾಬಿಯ ಕಡೆ ತಿರುಗಿದೆ. ಅವಳು ಎದ್ದು ನೆರಳಿಗೆ ಬಂದು ನಿಂತಳು. ಅವಳ ಮೇಲೂ ಬಿಸಿಲು ಬಿತ್ತು. “ನಾ ಅಲ್ಲ” ಅಂತ ಮೇಲಿನ ಕಿಟಕಿಗೆ ಕೇಳುವಂತೆ ಹೇಳಿದಳು. “ನೋಡಿದಾಕಿ ಮಾತ್ರ ನಾ. ಮಾಡಿದವರು ಇಳದ ಬರ್ಲಿ.”

ಮಾಸ್ತರು ಇಳಿದು ಬಂದರು. ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ನಿಂತು ಬಂದರು. ಕೈ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತ ಹೇಳಿದರು: “ತೂತಿಗೆ ಚಿಂದಿ ತುರುಕಿದ್ರಿ ನೀವು. ನೀರು ನಿಂತು ಬೇರು ಕೊಳೀತಿತ್ತರಿ. ನೀವು ಊಟಕ್ಕ ಹೋದಾಗ ಚಿಂದಿ ತಗದು, ನೀರು ಬಸದು, ಮತ್ತ ಹಂಗ ತುರುಕಿ ಇಡ್ತಿದ್ದೆ.”

“ಮತ್ತ ಯಾಕ ತುರುಕಿದ್ರಿ?”

“ಇಲ್ಲಾಂದ್ರ ನಿಮಗ ಗೊತ್ತಾಗತಿತ್ತಲ್ಲರಿ.”

ನನಗೆ ಉರಿದುಹೋಯಿತು. ಯಾರನ್ನೂ ಕೇಳದೆ ಬದುಕಬೇಕು ಅಂತ ನಾಲ್ಕು ತಿಂಗಳು ಬಿಸಿಲಲ್ಲಿ ಬೆಂದವಳು ನಾನು, ಈ ಮನುಷ್ಯ ದಿನಾ ಮಧ್ಯಾಹ್ನ ಕಳ್ಳನ ಹಾಗೆ ಇಳಿದು ಬಂದು ನನ್ನ ಗಿಡ ಬದುಕಿಸಿದ್ದಾನೆ. “ಹಂಗಾರ ನೆರಳು ನಿಮ್ಮದ ಆತು. ಹೋಗ್ರಿ ಒಳಗ, ಕುಂದರ್ರಿ. ನಾನು ಅಣ್ಣನ ಊರಿಗೆ ಹೊಂಟೆ” ಅಂದೆ.

ಮಾಸ್ತರು ಏನೋ ಹೇಳಲು ನನ್ನ ಹತ್ತಿರ ನಾಲ್ಕು ಹೆಜ್ಜೆ ಬಂದರು, ಅಂದರೆ ನೆರಳಿನೊಳಗೆ. ಅವರ ತಲೆಯ ಮೇಲೂ ಚಾಪೆಯಷ್ಟು ಬಿಸಿಲು ಬಿತ್ತು. ಅವರು ಕತ್ತು ಎತ್ತಿ ಆಕಾಶ ನೋಡಿದರು. ಅರವತ್ತೊಂದು ವರ್ಷದಲ್ಲಿ ಆ ಮನುಷ್ಯನ ಮೈಮೇಲಿಂದ ನೆರಳು ಸರಿದದ್ದು ಅದೇ ಮೊದಲು. ಜನರ ನಗು ನಿಂತಿತು. ನಸುಗೆಂಪು ನೆರಳಿನ ನಡುವೆ ಎರಡು ಚಾಪೆ ಬಿಸಿಲು, ಒಂದರಲ್ಲಿ ನಾನು, ಒಂದರಲ್ಲಿ ಅವರು.

ಅಷ್ಟರಲ್ಲಾಗಲೇ ಹುಣಸೆಯ ನೆರಳಿಗೆ ಮರಳಿ ಕೂತಿದ್ದ ಹಲೀಮಾಬಿ, ಕಾಲು ಚಾಚಿ, ತೀರ್ಪು ಕೊಟ್ಟಳು: “ಇಬ್ಬರದೂ ಐತಿ ಅದು. ಇಬ್ಬರೂ ಒಬ್ಬರನ್ನೊಬ್ಬರು ಕೇಳಬೇಕು. ಇಲ್ಲಾಂದ್ರ ನಾಯಿಗೋಳ ಪಾಲು.”

ನಾನು ಆಣೆ ಇಟ್ಟವಳು, ನಾನಾಗಿ ಮೊದಲು ಬಾಯಿ ಬಿಡುವುದಿಲ್ಲ. ಮಾಸ್ತರು ಹುಟ್ಟಿದಾಗಿನಿಂದ ಯಾರನ್ನೂ ಕೇಳಿದವರಲ್ಲ. ಬಿಸಿಲು ಏರುತ್ತಿತ್ತು. ಅವರ ನೆತ್ತಿಯಿಂದ ಬೆವರು ಇಳಿದು ಕನ್ನಡಕದ ಮೇಲೆ ಬಿತ್ತು. ಒಂದು ಸಲ ಕೆಮ್ಮಿದರು. “ನಾಳೆ” ಅಂದರು. ಮುಂದೆ ಬರಲಿಲ್ಲ. “ಬರೂದು” ಅಂದರು. ಅಲ್ಲಿಗೂ ನಿಂತಿತು. ಪರೀಕ್ಷೆಗೆ ನಿಂತ ಹುಡುಗರ ಹಾಗೆ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಅವರಿಗೆ ನಿಜಕ್ಕೂ ಬರುವುದಿಲ್ಲ ಅಂತ ಆಗ ನನಗೆ ಹೊಳೆಯಿತು. ಹತ್ತೊಂಬತ್ತು ವರ್ಷ ದಿನಾ ನನ್ನ ಬಾಯಿಂದ ಕೇಳಿಸಿಕೊಂಡಿದ್ದರು, ಒಂದು ದಿನವೂ ಅಂದಿರಲಿಲ್ಲ.

“ಹಂಗಲ್ರಿ, ಮಾಸ್ತರ” ಅಂದೆ. “ಕೈ ಹಿಂದ ಕಟ್ಟಬಾರದು, ಮುಂದ ತರ್ರಿ. ನೆಲ ನೋಡಬಾರದು. ಯಾರನ್ನ ಕೇಳ್ತೀರೋ ಅವರ ಮಾರಿ ನೋಡಬೇಕು.”

ಕೈ ಮುಂದೆ ತಂದರು. ನನ್ನ ಮುಖ ನೋಡಿದರು. ನೋಡಿದ ಮೇಲೆ ಇನ್ನೂ ಕಷ್ಟವಾಯಿತು ಅಂತ ಕಾಣುತ್ತದೆ, ನನಗೂ ಕಷ್ಟವಾಯಿತು. “ಬರ್ಲೇನ್ರಿ?” ಅಂದರು ಸಣ್ಣ ಧ್ವನಿಯಲ್ಲಿ.

ಈಗ ನಾನು ಬರ್ರಿ ಅನ್ನಬೇಕು. ಎರಡಕ್ಷರ. ಜನ್ಮದಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂದು, ನಾಚಿಕೆಗೆಟ್ಟು ಮೂಗು ಸೊರಸೊರ ಅಂತು. “ಬರ್ರಿ” ಅಂದೆ. ಅವರ ಸುತ್ತಲಿನ ಬಿಸಿಲು ಅಂಚಿನಿಂದ ಮುಚ್ಚಿಕೊಳ್ಳುತ್ತ ಬಂದು ಕಾಲಬುಡದಲ್ಲಿ ಇಲ್ಲವಾಯಿತು. ಇನ್ನು ಬಿಸಿಲಲ್ಲಿ ಇದ್ದವಳು ನಾನೊಬ್ಬಳೇ. ಅಣ್ಣನ ಊರು, ಅತ್ತಿಗೆ, ಮೆಣಸಿನಕಾಯಿ, ನನ್ನ ಆಣೆ, ಎಲ್ಲ ಒಮ್ಮೆಗೇ ನೆನಪಾದವು. ಆಣೆಗೆ ಬೆಂಕಿ ಬೀಳಲಿ ಅಂದುಕೊಂಡು “ಬರ್ಲೇನ್ರಿ?” ಅಂದೆ. ನನ್ನ ಮಾತು ಮುಗಿಯುವ ಮೊದಲೇ ಅವರು “ಬರ್ರಿ” ಅಂದಾಗಿತ್ತು. ತಣ್ಣನೆಯ ನೆರಳು ನೆತ್ತಿಗೆ ಬಿತ್ತು, ಊರೆಲ್ಲ ಚಪ್ಪಾಳೆ ಹೊಡೆಯಿತು, ಇಬ್ಬರು ದರ್ಜಿಗಳು ಜಾಗಕ್ಕೆ ಅಲ್ಲೇ ಪಾಳಿ ಹಚ್ಚಿದರು. ಅವರು ನಮ್ಮಿಬ್ಬರನ್ನೂ ಕೇಳಬೇಕಾಯಿತು.

ಅವತ್ತು ಮೂವತ್ತೆರಡು ಅಂಗಿ, ಒಂಬತ್ತು ಪಂಚೆ ಇಸ್ತ್ರಿ ಮಾಡಿದೆ, ಒಂದೂ ಸುಡಲಿಲ್ಲ. ಕುಂಡದ ಚಿಂದಿ ಕಿತ್ತು ಎಸೆದೆ. ಸಂಜೆ ಬಂಡಿ ಕಟ್ಟುವಾಗ ಮಾಸ್ತರು ಬಾವಿಕಟ್ಟೆಯ ಮೇಲೆ ಕೂತಿದ್ದರು, ಮುಂಜಾನೆಯಿಂದ ಎದ್ದಿರಲಿಲ್ಲ. “ನಾಳೆ ಬರ್ಲೇನ್ರಿ?” ಅಂದರು. ಈಗ ಸ್ವಲ್ಪ ರೂಢಿಯಾಗಿತ್ತು. ಬರ್ರಿ ಅಂದೆ. ನನ್ನ ಸರದಿ ಬಂತು. ಬಾಯಿ ತೆರೆದವಳಿಗೆ ಏನನಿಸಿತೋ, ನೆರಳಿನ ಮಾತು ಬಿಟ್ಟು ಬೇರೆಯೇ ಬಂತು: “ನಾಳೆ ಮಧ್ಯಾಹ್ನ ನಮ್ಮ ಮನಿಗೆ ಊಟಕ್ಕ ಬರ್ತೀರೇನ್ರಿ?”

ಮಾಸ್ತರು ಗಾಬರಿಯಾಗಿ, ಹತ್ತೊಂಬತ್ತು ವರ್ಷದ ರೂಢಿಗೆ, “ಬರ್ರಿ” ಅಂದುಬಿಟ್ಟರು.

ಹಲೀಮಾಬಿ ನಕ್ಕು ನಕ್ಕು ಬಳೆಗಂಟಿನ ಮೇಲೆ ಬಿದ್ದಳು, ಒಂದು ಡಜನ್ ಬಳೆ ಒಡೆದವು. ಮಾಸ್ತರು ಕೆಂಪಾಗಿ ಎದ್ದು, ಮೆಟ್ಟಿಲು ಹತ್ತಿ, ಬಾಗಿಲು ಹಾಕಿಕೊಂಡರು. ನಾನು ಮನೆಗೆ ಹೋಗಿ ಬಹಳ ಹೊತ್ತು ಯೋಚನೆ ಮಾಡಿದೆ. ಬಾಯಿ ತಪ್ಪಿ ಅಂದದ್ದೋ, ನಿಜವಾಗಿ ಅಂದದ್ದೋ? ಹೋದರೆ ಏನನ್ನುತ್ತಾರೋ, ಹೋಗದಿದ್ದರೆ ಏನಂದುಕೊಳ್ಳುತ್ತಾರೋ? ನಮ್ಮೂರಿನಲ್ಲಿ ಬರ್ರಿ ಅಂದ ಮೇಲೆ ಹೋಗದಿದ್ದವರು ಯಾರೂ ಇಲ್ಲ. ಮರುದಿನ ಆರು ಜೋಳದ ರೊಟ್ಟಿ ಬಡಿದು, ಬದನೆಕಾಯಿ ಎಣಗಾಯಿ ಮಾಡಿ, ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಆ ಮೆಟ್ಟಿಲು ಹತ್ತಿದೆ. ಹತ್ತೊಂಬತ್ತು ವರ್ಷ ಕೆಳಗಿನಿಂದ ನೋಡಿದ ಮನೆ. ಹನ್ನೊಂದೇ ಮೆಟ್ಟಿಲು, ಎರಡು ಸಲ ನಿಂತು ಬುಟ್ಟಿಯ ಬಟ್ಟೆ ಸರಿಮಾಡಿಕೊಂಡೆ.

ಬಾಗಿಲು ತೆರೆದೇ ಇತ್ತು. ನೆಲ ಸಾರಿಸಿತ್ತು, ಎರಡು ಮಣೆ ಹಾಕಿತ್ತು. ಮಾಸ್ತರು ಬಾಗಿಲಿಗೆ ಬೆನ್ನು ಮಾಡಿ ಕಿಟಕಿಯ ಹುಣಸೆಗೆ ನೀರು ಹನಿಸುತ್ತ ನಿಂತಿದ್ದರು. ಬಂಡೆ ಬಿರಿಯುವಂಥ ಆ ಬಿಸಿಲಲ್ಲಿ ಕಡು ನೀಲಿ ಕೋಟು ಹಾಕಿಕೊಂಡು, ಗುಂಡಿಯನ್ನೆಲ್ಲ ಹಾಕಿಕೊಂಡು, ಬೆನ್ನ ಮೇಲೆ ನನ್ನ ಪೆಟ್ಟಿಗೆಯ ಗುರುತು ಹೊತ್ತುಕೊಂಡು ನಿಂತಿದ್ದರು.